ಲಮ್ಜುಂಗ್ ಬೆಟ್ಟದ ಶಾಲೆಯಲ್ಲಿ ನಲಿಕಲಿ: ನನ್ನ ಅನುಭವ

ನೇಪಾಳಕ್ಕೆ ಹೋಗಿ ನಲಿಕಲಿ ಮಾಡ್ತೀನಿ ಅಂದಾಗ ನಮ್ಮ ಕ್ಲಸ್ಟರ್‌ನ, ಅಂದರೆ ಸುತ್ತಲಿನ ಶಾಲೆಗಳ, ಶಿಕ್ಷಕರು ಯಾರೂ ನಂಬಲಿಲ್ಲ. ನಲಿಕಲಿ ಅಂದರೆ ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಮಕ್ಕಳು ಕಾರ್ಡು, ಆಟದ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. "ಇಲ್ಲೇ ಅಪ್ಪ ಅಮ್ಮಂದಿರು ಬೇಡ ಅಂತಾರೆ, ಭಾಷೆ ಬರದ ಊರಲ್ಲಿ ಏನು ಮಾಡ್ತೀಯಮ್ಮ?" ಅಂತ ಹಿರಿಯ ಮೇಷ್ಟ್ರೊಬ್ಬರು ಕೇಳಿದರು. ಲಮ್ಜುಂಗ್ ಜಿಲ್ಲೆಯ ಆ ಶಾಲೆಗೆ ಸೇರಿದ ಮೇಲೆ ಅಲ್ಲಿನ ಹೆಡ್ ಸರ್ ಕೂಡ ಹೆಚ್ಚುಕಮ್ಮಿ ಇದನ್ನೇ ಕೇಳಿದರು. ಈಗ ಒಂದು ಶಾಲಾ ವರ್ಷ ಪೂರ್ತಿ ಮುಗಿಸಿ ಚಿಂತಾಮಣಿಗೆ ಬಂದಿದ್ದೇನೆ. ನಲಿಕಲಿ ಅಲ್ಲಿ ನಡೆಯಿತು, ಚೆನ್ನಾಗೇ ನಡೆಯಿತು.

ಏಣಿ ಅಂದರೆ ಯಾವ ಕಾರ್ಡು ಆದ ಮೇಲೆ ಯಾವುದು ಮಾಡಬೇಕು ಅಂತ ಮಕ್ಕಳಿಗೆ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ, ತಟ್ಟೆ ಅಂದರೆ ಯಾರ ನೆರವಿನಿಂದ ಕಲಿಯುತ್ತಾರೆ ಅನ್ನುವುದರ ಮೇಲೆ ಕೂರಿಸುವ ಗುಂಪು, ಲೋಗೋ ಅಂದರೆ ಕಾರ್ಡಿನ ಮೇಲಿನ ಗುರುತಿನ ಚಿತ್ರ. ನನಗೆ ಸಿಕ್ಕಿದ್ದು ಒಂದೇ ಕೋಣೆ, 1ರಿಂದ 3ನೇ ತರಗತಿ ಒಟ್ಟಿಗೆ, 20ರ ಮೇಲೆ ಮಕ್ಕಳು. ಪಾಠ ನೇಪಾಳಿಯಲ್ಲಿ, ಮನೆಮಾತು ಗುರುಂಗ್. ನನ್ನ ನೇಪಾಳಿ ಆಗ ಹೈಸ್ಕೂಲ್ ಹಿಂದಿಯ ಆಧಾರದ ಮೇಲೆ ನಿಂತಿತ್ತು. ಅಂಕಿಗಳು ಮಾತ್ರ ಹಿಂದಿಯವೇ, ಅಲ್ಲಿ ತೊಂದರೆ ಆಗಲಿಲ್ಲ. ಅದಕ್ಕೆ ಏಣಿಗೆ ಗಣಿತ ಒಂದನ್ನೇ ಹಾಕಿದೆ. ನೇಪಾಳಿಯನ್ನು ಅಲ್ಲಿನ ಮಿಸ್‌ಗೆ ಬಿಟ್ಟೆ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಕಳಿಸಿದ ಸಂಸ್ಥೆ ಕೋಣೆ, ಎರಡು ಹೊತ್ತು ಊಟ, ತಿಂಗಳಿಗೆ ಸುಮಾರು 8,000 ನೇಪಾಳಿ ರೂಪಾಯಿ ಕೊಡುತ್ತಿತ್ತು. ನಮ್ಮ 100 ಅಂದರೆ ಅಲ್ಲಿ 160, ಬಹಳ ವರ್ಷಗಳಿಂದ ಅದೇ ದರ. ಅಂದರೆ ನಮ್ಮ ಲೆಕ್ಕದಲ್ಲಿ 5,000. ಇಲ್ಲಿ ಅತಿಥಿ ಶಿಕ್ಷಕಿಯಾಗಿ ಬರುತ್ತಿದ್ದುದರಲ್ಲಿ ಅರ್ಧ. ವೀಸಾ ಬೇಕಿಲ್ಲ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಸೊನೌಲಿ ಗಡಿ ನಡೆದು ದಾಟುವುದು, ಭೈರಹವಾದಿಂದ ಡುಮ್ರೆಗೆ ಬಸ್ಸು, ಅಲ್ಲಿಂದ ಬೇಸಿಸಹರ್, ಕೊನೆಗೆ ಜೀಪು. ಸ್ಲೀಪರ್‌ನಲ್ಲಿ ಹೋದರೆ ಊಟ ಸೇರಿ 3,500ರ ಒಳಗೆ ಮುಗಿಯಿತು. ಆಗ ಭಾರತದ 100ಕ್ಕಿಂತ ದೊಡ್ಡ ನೋಟು ಅಲ್ಲಿ ನಡೆಯುತ್ತಿರಲಿಲ್ಲ, ನೂರರ ಕಟ್ಟು ಇಟ್ಟುಕೊಂಡು ಹೋಗಿದ್ದೆ.

ದಿನಚರಿ ನಮ್ಮದಕ್ಕಿಂತ ಬೇರೆ. ಬೆಳಿಗ್ಗೆ ಒಂಬತ್ತಕ್ಕೇ ಅನ್ನ, ಬೇಳೆ, ಸೊಪ್ಪು ಹೊಟ್ಟೆತುಂಬ ಉಂಡು ಹತ್ತಕ್ಕೆ ಶಾಲೆ. ಮಧ್ಯಾಹ್ನ ಖಾಜಾ ಅಂತ ಒಂದಿಷ್ಟು ಅವಲಕ್ಕಿ, ಇಲ್ಲವೇ ಹುರಿದ ಮೆಕ್ಕೆಜೋಳ. ಭಾನುವಾರ ಶಾಲೆ ಇರುತ್ತಿತ್ತು, ರಜ ಶನಿವಾರ. ಬಟ್ಟೆ ಒಗೆಯುವುದು, ತಲೆಗೆ ನೀರು ಹಾಕಿಕೊಳ್ಳುವುದು, ಕಾರ್ಡು ಬರೆಯುವುದು, ಎಲ್ಲ ಆ ಒಂದೇ ದಿನ. ಮಳೆಗಾಲದಲ್ಲಿ ಶಾಲೆಯ ದಾರಿಯಲ್ಲಿ ಜಿಗಣೆ ಜಾಸ್ತಿ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ.

ಕಾರ್ಡು ನನ್ನನ್ನು ಸಿಕ್ಕಾಪಟ್ಟೆ ಸತಾಯಿಸಿತು. ಮೊದಲ ಸೆಟ್ ಚಾರ್ಟ್ ಪೇಪರ್‌ನದು. ಬೇಸಿಸಹರ್‌ಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದೆ, ಹಾಳೆಗೆ 40 ರೂಪಾಯಿಯಂತೆ 3,000ದ ಹತ್ತಿರ ಖರ್ಚಾಯಿತು. ಮಳೆ ಶುರುವಾಗಿ ತಿಂಗಳಾಗುವಷ್ಟರಲ್ಲಿ ಅಂಚಿನಿಂದ ತೇವ ಒಳಗೆ ಹೋಗಿ ಕಪ್ಪು ಬೂಷ್ಟು ಹಿಡಿಯಿತು. ರಟ್ಟಿನ ಕಾರ್ಡು ಮಾಡಿದೆ, ಅದನ್ನು ಇಲಿ ಕಡಿಯಿತು. ಮೆಕ್ಕೆಜೋಳದ ಕಾಳಿನಲ್ಲಿ ಎಣಿಕೆ ಮಾಡಿಸಿದೆ, ಮಕ್ಕಳು ಹುರಿದು ತಿಂದರು.

ಕೊನೆಗೆ ಕೈಹಿಡಿದದ್ದು ಹಳೇ ಫ್ಲೆಕ್ಸ್. ಯಾವುದೋ ಕಾರ್ಯಕ್ರಮ ಮುಗಿದ ಮೇಲೆ ಬ್ಯಾನರ್ ಬಿಚ್ಚಿ ದನದ ಕೊಟ್ಟಿಗೆಗೆ ಹೊದಿಸಿದ್ದರು. ಮಳೆಗೂ ಬಿಸಿಲಿಗೂ ಏನೂ ಆಗಿರಲಿಲ್ಲ. ಹಿಂಬದಿ ಬೆಳ್ಳಗಿರುವುದನ್ನೇ ಆರಿಸಿಕೊಳ್ಳಿ, ಕಪ್ಪು ಹಿಂಬದಿಯದು ಕೆಲಸಕ್ಕೆ ಬರಲ್ಲ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದರೆ ವಾರಕ್ಕೇ ಅಳಿಸಿತು, ಮಕ್ಕಳ ಕೈಯಲ್ಲಿ ಸದಾ ಸಾಸಿವೆ ಎಣ್ಣೆ ಇರುತ್ತದೆ. ಆಮೇಲೆ ಎನಾಮಲ್ ಬಣ್ಣ, ಸೊನ್ನೆ ನಂಬರ್ ಬ್ರಷ್. ಬರೀ ಎನಾಮಲ್ ಆದರೆ ಮಡಚಿದಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ನಾನು ಒಂದು ವಸ್ತು ಬೆರೆಸುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ತರಬೇತಿಯಲ್ಲಿ ಸಿಕ್ಕವರಿಗೆ ಕೈಯಾರೆ ತೋರಿಸುತ್ತೇನೆ. ಆ ಕಾರ್ಡುಗಳು ವರ್ಷದ ಕೊನೆಯವರೆಗೂ ಬಾಳಿದವು. ಬಣ್ಣಕ್ಕೆ ಎಲ್ಲಾ ಸೇರಿ 600, 700 ಆಗಿರಬಹುದು. ಲೋಗೋಗೆ ಎಮ್ಮೆ, ಮೇಕೆ, ಬೆನ್ನ ಮೇಲೆ ಹೊರುವ ಡೋಕೊ ಬುಟ್ಟಿ ಬರೆದೆ.

ಇನ್ನು ತಟ್ಟೆ. ನನಗೆ ಭಾಷೆ ಬರದಿದ್ದಾಗ ಶಿಕ್ಷಕರೇ ಹೇಳಿಕೊಡುವ ಒಂದನೇ ತಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಏನು ಪ್ರಯೋಜನ? ಅದನ್ನು ಸಣ್ಣದು ಮಾಡಿ, ಸಹಪಾಠಿಗಳು ಹೇಳಿಕೊಡುವ ಮೂರು, ನಾಲ್ಕನೇ ತಟ್ಟೆಗಳನ್ನು ದೊಡ್ಡದು ಮಾಡಿದೆ. ನಾನು ಹತ್ತು ಬಿದಿರಿನ ಕಡ್ಡಿ ಹಿಡಿದು ಎಷ್ಟು ಹೇಳಿದರೂ ಒಂದನೇ ತರಗತಿಯ ಹುಡುಗಿಗೆ ಹತ್ತರ ಕಟ್ಟು ಅಂದರೆ ಒಂದು ದಶಕ ಅನ್ನುವುದು ತಲೆಗೆ ಹತ್ತಿರಲಿಲ್ಲ. ಮೂರನೇ ತರಗತಿ ಹುಡುಗ ಪಕ್ಕ ಬಂದು ಕೂತ. ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ, ಗುರುಂಗ್‌ನಲ್ಲಿ ಏನೋ ಎರಡು ಮಾತು ಹೇಳಿದ. ಅವಳು ತಾನೇ ಮೂರು ಕಟ್ಟು ಕಟ್ಟಿ, ಮಿಕ್ಕ ನಾಲ್ಕು ಕಡ್ಡಿ ಪಕ್ಕಕ್ಕಿಟ್ಟು, 34ರ ಕಾರ್ಡು ಎತ್ತಿಕೊಂಡಳು. ಆವತ್ತಿನಿಂದ ನಾನು ಹಿಂದೆ ತಿರುಗಿ ನೋಡಲಿಲ್ಲ.

ಹೆಡ್ ಸರ್ ಮನಸ್ಸು ಬದಲಾಗಿದ್ದು ಮಳೆಯಿಂದ. ಶಾಲೆಗೆ ತಗಡಿನ ಚಾವಣಿ. ಜೋರು ಮಳೆ ಬಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲ್ಲ. ಬೇರೆ ತರಗತಿಗಳಲ್ಲಿ ಪಾಠ ನಿಲ್ಲಿಸಿ ಸುಮ್ನೆ ಕೂತಿರುತ್ತಿದ್ದರು. ನಮ್ಮ ಕೋಣೆಯಲ್ಲಿ ಮಕ್ಕಳು ಏಣಿ ನೋಡಿಕೊಂಡು, ಕಾರ್ಡು ತೆಗೆದುಕೊಂಡು, ತಮ್ಮ ಪಾಡಿಗೆ ಲೆಕ್ಕ ಮಾಡುತ್ತಿದ್ದರು. ಹೆಡ್ ಸರ್ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದರು. ಮುಂದಿನ ವಾರ ಬಣ್ಣದ ದುಡ್ಡು ಶಾಲೆಯಿಂದಲೇ ಬಂತು.

ಅಪ್ಪ ಅಮ್ಮಂದಿರದು ನಮ್ಮಲ್ಲಿಯ ದೂರೇ: ಮಕ್ಕಳು ಆಡುತ್ತಾರೆ, ನೋಟ್‌ಪುಸ್ತಕದಲ್ಲಿ ಏನೂ ಇಲ್ಲ. ಗುರುವಾರ ಗುರುವಾರ ಒಂದು ಪುಟ ತಾರೀಖು ಹಾಕಿ ಬರೆಸಿ, ಕೆಂಪು ಇಂಕಿನಲ್ಲಿ ರೈಟ್ ಹಾಕಿ ಮನೆಗೆ ಕಳಿಸಿದೆ. ದೂರು ನಿಂತಿತು.

ಊಟದ್ದೂ ಒಂದು ಪ್ರಯೋಗ ಹೇಳಬೇಕು. ಆ ಬೆಟ್ಟದಲ್ಲಿ ರಾಗಿ ಬೆಳೆಯುತ್ತಾರೆ, ಕೋದೋ ಅಂತಾರೆ. ಅದರ ಹಿಟ್ಟಿನಲ್ಲಿ ಢಿಂಡೊ ಮಾಡುತ್ತಾರೆ, ನಮ್ಮ ಮುದ್ದೆಗಿಂತ ಮೆತ್ತಗೆ. ನಾನಿದ್ದ ಮನೆಯ ಆಮಾ (ಅಮ್ಮ) ನನ್ನನ್ನು ನಾನಿ (ಮಗು) ಅಂತ ಕರೆಯುತ್ತಿದ್ದರು. ಅವರ ಒಲೆ ಮೇಲೆ ಒಂದು ಶನಿವಾರ ಗಟ್ಟಿ ಮುದ್ದೆ ತಿರುವಿ, ಗಹತ್ ಅನ್ನುವ ಹುರುಳಿಕಾಳಿನಲ್ಲಿ ಬಸ್ಸಾರು ಮಾಡಿದೆ. ಬೀಸಿದ ಹಿಟ್ಟು ಸ್ವಲ್ಪ ತರಿ, ಅದಕ್ಕೆ ನೀರು ಜಾಸ್ತಿ ಬೇಕು, ಹೊತ್ತೂ ಜಾಸ್ತಿ ಬೇಯಬೇಕು. ಆಮೇಲೆ ಶನಿವಾರ ಬಂದರೆ ಆಮಾನೇ ಹಿಟ್ಟು ತೆಗೆದಿಡುತ್ತಿದ್ದರು.

ಚೈತ್ರದ (ಅಲ್ಲಿ ಅದು ವರ್ಷದ ಕೊನೆಯ ತಿಂಗಳು) ಪರೀಕ್ಷೆ ಹೊತ್ತಿಗೆ ಎರಡನೇ ತರಗತಿಯ ಬಹುಪಾಲು ಮಕ್ಕಳು ದಶಕ ಕೂಡುವ ಲೆಕ್ಕ ಮಾಡುತ್ತಿದ್ದರು. ಮೂರನೇ ತರಗತಿಯಲ್ಲಿ 20 ದಾಟಿ ಎಣಿಸಲು ಬರದಿದ್ದವರೂ ಗುಣಾಕಾರಕ್ಕೆ ಬಂದಿದ್ದರು. ಏಣಿಯ ಮೂಲ ಬೀಜ ಹುಟ್ಟಿದ್ದು ನಮ್ಮ ಪಕ್ಕದ ಮದನಪಲ್ಲಿಯ ರಿಷಿವ್ಯಾಲಿ ಶಾಲೆಯಲ್ಲಿ. ಅದನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ನಲಿಕಲಿ ಕಟ್ಟಿದರು. ಆ ಏಣಿ ಹಿಮಾಲಯದ ಕೆಳಗೂ ನಿಂತಿತು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಈಗ ಚಿಂತಾಮಣಿ ತಾಲ್ಲೂಕಿನ ಶಾಲೆಯಲ್ಲಿದ್ದೇನೆ. ಇಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಮೂರನೇ ತಟ್ಟೆಯಲ್ಲಿ ತೆಲುಗು, ಕನ್ನಡ ಎರಡೂ ಬರುವ ಒಬ್ಬರಾದರೂ ಇರುವಂತೆ ಕೂರಿಸುತ್ತಿದ್ದೇನೆ. ಗಣಿತದ ಫ್ಲೆಕ್ಸ್ ಕಾರ್ಡು ಮುಗಿದಿವೆ, ಕನ್ನಡದ್ದು ನಡೆಯುತ್ತಿದೆ. ಜಾತ್ರೆ, ಹುಟ್ಟುಹಬ್ಬದ ಬ್ಯಾನರ್ ಬಿಚ್ಚಿದವರು ಎಸೆಯಬೇಡಿ, ನಮ್ಮ ಶಾಲೆಗೆ ಕೊಡಿ.