ಮಾರುಕಟ್ಟೆ ದಬ್ಬಾಳಿಕೆ: ಸ್ಪರ್ಧಾ ಆಯೋಗಕ್ಕೆ ದೂರು ಕೊಡುವುದು ಹೇಗೆ?

ಕನ್ನಡಕ್ಕೆ ಡಬ್ಬಿಂಗ್ ಬರದಂತೆ ಚಿತ್ರರಂಗದ ಸಂಘಗಳು ವರ್ಷಗಟ್ಟಲೆ ತಡೆದದ್ದು ನೆನಪಿದೆ ಅಲ್ವಾ? ಕನ್ನಡ ಗ್ರಾಹಕರ ಕೂಟ ಇದನ್ನು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ, ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಸಂಸ್ಥೆಗೆ, ಒಯ್ದಿತು. 2015ರಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು.

ಆ ಬಾಗಿಲು ಎಲ್ಲರಿಗೂ ತೆರೆದಿದೆ. ನಷ್ಟ ನಿಮಗೇ ಆಗಿರಬೇಕೆಂದೂ ಇಲ್ಲ. ಓಲಾ-ಊಬರ್ ಪ್ರಕರಣದಲ್ಲಿ, 2020ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಮೊದಲು ತಪ್ಪು ಯಾವುದು ಎಂದು ಗುರುತಿಸಿ. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದರೆ ಅದು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್. ಒಬ್ಬ ದೊಡ್ಡವನು ತನ್ನ ಬಲವನ್ನು ದುರುಪಯೋಗ ಮಾಡಿಕೊಂಡರೆ 4ನೇ ಸೆಕ್ಷನ್. ನೆನಪಿಡಿ, ದೊಡ್ಡದಾಗಿ ಬೆಳೆಯುವುದು ತಪ್ಪಲ್ಲ. ಆ ಬಲದಿಂದ ಏನು ಮಾಡಿದರು ಎಂಬುದನ್ನು ನೀವು ತೋರಿಸಬೇಕು.

ಮುಂದಿನದು ಕಷ್ಟದ ಹೆಜ್ಜೆ: ಯಾವ ಮಾರುಕಟ್ಟೆಯಲ್ಲಿ ದೊಡ್ಡವರು? ಡಿಎಲ್‌ಎಫ್ ಪ್ರಕರಣ ನೋಡಿ. ಇಡೀ ದೇಶ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಹಲವು ಬಿಲ್ಡರ್‌ಗಳಲ್ಲಿ ಒಂದು. ಆದರೆ ಆಯೋಗ ನೋಡಿದ್ದು ಗುರುಗ್ರಾಮದ ದುಬಾರಿ ಫ್ಲ್ಯಾಟ್‌ಗಳನ್ನು ಮಾತ್ರ. ಅಲ್ಲಿ ಅದರದ್ದೇ ಮೇಲುಗೈ. 19 ಮಹಡಿ ಎಂದು ಹೇಳಿ 29ಕ್ಕೆ ಏರಿಸಿದ್ದು, ಕರಾರಿನಲ್ಲಿ ಎಲ್ಲಾ ಷರತ್ತೂ ಬಿಲ್ಡರ್ ಪರವಾಗಿಯೇ ಇದ್ದದ್ದು ವಿಚಾರಣೆಗೆ ಬಂತು. 2011ರಲ್ಲಿ ಬಿದ್ದ ದಂಡ 630 ಕೋಟಿ ರೂಪಾಯಿ. ದೂರು ಕೊಟ್ಟಿದ್ದು ಫ್ಲ್ಯಾಟ್ ಕೊಂಡವರ ಸಂಘ! ಹಾಗಾಗಿ ನಿಮ್ಮ ಮಾರುಕಟ್ಟೆಯ ಗಡಿಯನ್ನು ಸರಿಯಾಗಿ ಎಳೆಯಿರಿ: ಯಾವ ಸರಕು, ಯಾವ ಊರು, ಬದಲಿಗೆ ಬೇರೆ ಏನು ಸಿಗುತ್ತದೆ?

ಕರಾರು, ಬಿಲ್ಲು, ಇಮೇಲ್, ಸ್ಕ್ರೀನ್‌ಶಾಟ್ ಎಲ್ಲವನ್ನೂ ದಿನಾಂಕದ ಸಮೇತ ಜೋಡಿಸಿಡಿ. ಸುಮ್ನೆ ಕಾಯುತ್ತಾ ಕೂರಬೇಡಿ. 2023ರ ತಿದ್ದುಪಡಿಯ ಪ್ರಕಾರ ದೂರಿಗೆ ಕಾರಣವಾದದ್ದು ನಡೆದ ಮೂರು ವರ್ಷದೊಳಗೆ ದೂರು ಕೊಡಬೇಕು. ತಡವಾದರೆ ಆಯೋಗ ಒಪ್ಪುವಂಥ ಕಾರಣ ಬೇಕು.

ಕಾನೂನು ಇದನ್ನು ದೂರು ಅನ್ನುವುದಿಲ್ಲ, ‘ಮಾಹಿತಿ’ ಅನ್ನುತ್ತದೆ. ನಡೆದದ್ದನ್ನು ಕ್ರಮವಾಗಿ ಬರೆದು, ದಾಖಲೆ ಸೇರಿಸಿ, ಶುಲ್ಕ ಕಟ್ಟಿ ಸಲ್ಲಿಸಿ. ಹೆದರಿಕೆ ಇದ್ದರೆ ಹೆಸರು ಗುಟ್ಟಾಗಿಡಲು ಕೋರಬಹುದು.

ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ. ಇಲ್ಲದಿದ್ದರೆ ಆಯೋಗದ ಮಟ್ಟಿಗೆ ಅಲ್ಲಿಗೇ ಮುಗಿಯಿತು. ತನಿಖೆಗೆ ಸಮಯ ಜಾಸ್ತಿ ಬೇಕು. ಗೂಗಲ್‌ನ ಆಂಡ್ರಾಯ್ಡ್ ವಿಚಾರದಲ್ಲಿ ತನಿಖೆಗೆ ಆದೇಶವಾಗಿದ್ದು 2019ರ ಏಪ್ರಿಲ್‌ನಲ್ಲಿ. 1,337.76 ಕೋಟಿ ರೂಪಾಯಿ ದಂಡ ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ. ಅಷ್ಟು ದಿನ ಸಣ್ಣ ಕಂಪನಿಗಳು ಉಸಿರು ಹಿಡಿದುಕೊಂಡು ಬದುಕಬೇಕು. ಇದು ನನಗೆ ತುಂಬಾ ನೋವು ತರುವ ಸಂಗತಿ. ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ಕಟ್ಟುಪಾಡು ಹಾಕುವ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ಅಂಥ ಕಾನೂನು ನಮಗೆ ಬೇಕೇ ಬೇಕು.

ಇನ್ನೊಂದು ವಿಷಯ. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಿಮ್ಮ ಕೈಗಲ್ಲ. ತಪ್ಪು ಸಾಬೀತಾದ ಮೇಲೆ ಪರಿಹಾರ ಕೇಳಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆಯೇ ಅರ್ಜಿ ಹಾಕಬೇಕು. ಹಾಗಾಗಿ ಎಷ್ಟು ನಷ್ಟವಾಯಿತು ಎಂಬ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಿ.