ಕಣ್ಣು ಕಾಣದವರು ವಿಆರ್ ಗೇಮ್ ಆಡುವುದು ಹೇಗೆ: ಮೊದಲು ಕಿವಿ, ಆಮೇಲೆ ಹೆಡ್‌ಸೆಟ್

ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಪರದೆ ಇರುವ ಹೆಡ್‌ಸೆಟ್ ತಲೆಗೆ ಹಾಕಿಕೊಂಡು ಆಡುವಂಥದ್ದು. ಅದರ ಹೆಸರೆತ್ತಿದ ಕೂಡಲೇ ಎಲ್ಲರೂ ಪರದೆಯ ಬಗ್ಗೆಯೇ ಮಾತಾಡುತ್ತಾರೆ. ಹಾಗಾಗಿ ದೃಷ್ಟಿ ಇಲ್ಲದವರಿಗೆ ಅದರಲ್ಲಿ ಏನಿದೆ ಅಂತ ಮನೆಯವರೇ ಮೊದಲು ಕೇಳುತ್ತಾರೆ. ತುಂಬಾ ಇದೆ. ನಿಮ್ಮ ತಲೆ ಯಾವ ಕಡೆ ತಿರುಗಿತು, ಕೈ ಎಲ್ಲಿಗೆ ಚಾಚಿತು ಅನ್ನುವುದನ್ನು ಹೆಡ್‌ಸೆಟ್ ಬಿಡದೆ ಲೆಕ್ಕ ಹಾಕುತ್ತಿರುತ್ತದೆ, ಅದಕ್ಕೆ ತಕ್ಕಂತೆ ಸದ್ದೂ ಜಾಗ ಬದಲಿಸಿದರೆ ಆಟದ ಒಳಗೇ ನಿಂತ ಹಾಗಾಗುತ್ತದೆ. ಅದಕ್ಕೆ ಚಿತ್ರ ಬೇಕಿಲ್ಲ. ತೊಂದರೆ ಇರುವುದು ಗೇಮ್‌ಗಳಲ್ಲಿ. ಹೆಚ್ಚಿನವುಗಳ ಮೆನು ಮಾತಾಡುವುದಿಲ್ಲ, ಎದುರಿಗಿರುವ ವಸ್ತುವಿಗೆ ಸದ್ದಿರುವುದಿಲ್ಲ.

ಸೋಮವಾರಪೇಟೆ ಕಡೆ ಇರುವ ನಮ್ಮ ಚಿಕ್ಕಪ್ಪನ ಮಗನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅವನ ಜೊತೆ ಕೂತು ಆಡಿ, ಆಡಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಲ್ಲಿ ಹೇಳುವುದಾದರೆ, ಹೆಡ್‌ಸೆಟ್‌ಗೆ ದುಡ್ಡು ಹಾಕುವ ಮೊದಲು ಕೈಯಲ್ಲಿರುವ ಫೋನಿನಲ್ಲೇ ಕಿವಿ ಪಳಗಿಸಿ.

ಕಿವಿಗೆ ದಿಕ್ಕು ಗೊತ್ತಾಗುವುದು ಹೇಗೆ ಅಂತ ಸ್ವಲ್ಪ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ. ತಲೆ ಅಡ್ಡ ಇರುವುದರಿಂದ ಅತ್ತ ಕಡೆ ಸದ್ದು ಸ್ವಲ್ಪ ಮಂಕೂ ಆಗುತ್ತದೆ. ಮೇಲೆ ಕೆಳಗೆ ಗೊತ್ತಾಗುವುದು ಹೊರಗಿವಿಯ ಮಡಿಕೆಗಳಿಂದ. ಗೇಮ್‌ಗಳು ಇದನ್ನೆಲ್ಲ ಲೆಕ್ಕ ಹಾಕಿ ಹೆಡ್‌ಫೋನ್‌ಗೆ ಕಳಿಸುತ್ತವೆ. ಆದರೆ ಆ ಲೆಕ್ಕ ಸಾಮಾನ್ಯವಾಗಿ ಯಾವುದೋ ಸರಾಸರಿ ಕಿವಿಯದು, ನಿಮ್ಮದಲ್ಲ. ಅದಕ್ಕೇ ಎಡ ಬಲ ಸರಿಯಾಗಿ ಸಿಕ್ಕಿದರೂ ಮುಂದೆ ಯಾವುದು ಹಿಂದೆ ಯಾವುದು ಅಂತ ಗೊಂದಲ ಆಗುತ್ತದೆ. ನಿಜ ಜೀವನದಲ್ಲಿ ಇಂಥ ಅನುಮಾನ ಬಂದರೆ ತಲೆ ಸ್ವಲ್ಪ ಹೊರಳಿಸುತ್ತೇವೆ, ಅಲ್ವಾ? ಸದ್ದು ಎತ್ತ ಜರುಗಿತು ಅನ್ನುವುದರಲ್ಲೇ ಉತ್ತರ ಇರುತ್ತದೆ. ಮಾಮೂಲಿ ಹೆಡ್‌ಫೋನಿನಲ್ಲಿ ತಲೆ ಹೊರಳಿಸಿದರೂ ಆಟಕ್ಕೆ ಗೊತ್ತಾಗುವುದಿಲ್ಲ, ಬೆರಳಿಂದ ತಿರುಗಬೇಕು. ತಲೆ ಹೊರಳಿಸಿದ್ದು ಆಟಕ್ಕೆ ಗೊತ್ತಾಗುವುದೇ ವಿಆರ್ ಹೆಡ್‌ಸೆಟ್ ಕೊಡುವ ನಿಜವಾದ ಲಾಭ.

ಫೋನಿನಲ್ಲಿ ಶುರು ಮಾಡುವಾಗ ಮೊದಲು ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಮೋನೋ ಆಡಿಯೋ ಆಫ್ ಇದೆಯಾ ನೋಡಿ. ಅದು ಆನ್ ಇದ್ದರೆ ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ, ದಿಕ್ಕು ಪೂರ್ತಿ ಸತ್ತಂತೆ. ಎಡ ಬಲದ ಬ್ಯಾಲೆನ್ಸ್ ಸರಿಯಾಗಿ ನಡುವೆ ಇರಲಿ. ಡಾಲ್ಬಿ, ಸರೌಂಡ್ ಅಂತ ಫೋನ್ ತಾನೇ ಸೇರಿಸುವ ಎಫೆಕ್ಟ್‌ಗಳನ್ನೂ ಆಫ್ ಮಾಡಿ, ಆಟ ಹಾಕಿದ ಲೆಕ್ಕವನ್ನು ಅವು ಕಲಸಿಬಿಡುತ್ತವೆ. ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ಕತ್ತಿ ಬೀಸುವ ಆಟದಲ್ಲಿ ಅಷ್ಟು ತಡವಾದರೆ ಏಟು ತಿಂದಾಗಿರುತ್ತದೆ. ವೈರ್ ಇರುವ ಹೆಡ್‌ಫೋನ್ ಸಾಕು.

ಮೊದಲ ಆಟಕ್ಕೆ ಎ ಬ್ಲೈಂಡ್ ಲೆಜೆಂಡ್ ಒಳ್ಳೆಯದು. ಫ್ರಾನ್ಸಿನ ಡೋವಿನೋ ಅನ್ನುವ ಸ್ಟುಡಿಯೋ 2015ರಲ್ಲಿ ಮಾಡಿದ್ದು. ದೃಷ್ಟಿ ಕಳೆದುಕೊಂಡ ಯೋಧನನ್ನು ಅವನ ಮಗಳು ದನಿಯಿಂದಲೇ ದಾರಿ ನಡೆಸುತ್ತಾಳೆ. ಪರದೆಯ ಮೇಲೆ ನೋಡುವಂಥದ್ದು ಏನೂ ಇಲ್ಲ, ಎಲ್ಲ ಕಿವಿಗೇ. ಇಂಗ್ಲಿಷ್ ಅಥವಾ ಫ್ರೆಂಚ್ ಬರಬೇಕು, ಕನ್ನಡ ಇಲ್ಲ. ಆಂಡ್ರಾಯ್ಡ್‌ನಲ್ಲಿ ಆಡುವಾಗ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ನಿಮ್ಮ ಬೆರಳಿನ ಸನ್ನೆಗಳನ್ನು ತಾನು ಹಿಡಿದುಕೊಳ್ಳಬಹುದು. ಆಟದ ಒಳಗೆ ಹೋದ ಮೇಲೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದು ಅದನ್ನು ಆಫ್ ಮಾಡಿ, ಹೊರಗೆ ಬಂದಾಗ ಹಾಗೇ ಆನ್ ಮಾಡಿ. ಈ ಶಾರ್ಟ್‌ಕಟ್ ಸೆಟ್ ಆಗಿದೆಯಾ ಅಂತ ಮೊದಲೇ ಪರೀಕ್ಷೆ ಮಾಡಿಕೊಳ್ಳಿ.

ವಿಂಡೋಸ್ ಕಂಪ್ಯೂಟರ್ ಇದ್ದರೆ ಪರದೆ ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಹಾಕಿಕೊಳ್ಳಿ. ಅದು ಉಚಿತ, ಕನ್ನಡವನ್ನೂ ಓದುತ್ತದೆ. 2021ರ ದಿ ವೇಲ್ ಪೂರ್ತಿ ಸದ್ದಿನ ಮೇಲೇ ನಿಂತ ಆಟ. ಪ್ಲೇಸ್ಟೇಷನ್ ಇರುವವರು 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಆಡಿ ನೋಡಲೇಬೇಕು. ಅದರಲ್ಲಿ 60ಕ್ಕೂ ಹೆಚ್ಚು ಆಕ್ಸೆಸಿಬಿಲಿಟಿ ಸೆಟ್ಟಿಂಗ್ ಇವೆ, ಒಂದು ಬಟನ್ ಒತ್ತಿದರೆ ಹೋಗಬೇಕಾದ ಕಡೆಗೆ ನಿಮ್ಮನ್ನು ತಿರುಗಿಸುತ್ತದೆ. 2023ರ ಫೋರ್ಜಾ ಮೋಟರ್‌ಸ್ಪೋರ್ಟ್‌ನಲ್ಲಿ ತಿರುವು, ಗೇರು, ರಸ್ತೆಯ ಅಂಚು ಎಲ್ಲವೂ ಸದ್ದಿನಲ್ಲೇ ತಿಳಿಯುತ್ತವೆ. ಇವು ಯಾವುವೂ ವಿಆರ್ ಅಲ್ಲ. ಆದರೆ ಮನಸ್ಸು ಮಾಡಿದರೆ ದೊಡ್ಡ ಕಂಪನಿಗಳೂ ಮಾಡಬಲ್ಲವು ಅನ್ನುವುದಕ್ಕೆ ಇವೇ ಸಾಕ್ಷಿ.

ಇನ್ನು ನಮ್ಮ ಕೊಡಗಿನ ಮಳೆ. ಜುಲೈ, ಆಗಸ್ಟ್‌ನಲ್ಲಿ ಶೀಟ್ ಹಾಕಿದ ಮಾಡಿನ ಕೆಳಗೆ ಕೂತರೆ ಪಕ್ಕದವರು ಕೂಗಿದ್ದೂ ಕೇಳಿಸುವುದಿಲ್ಲ. ಆಟದಲ್ಲಿ ಮೊದಲು ಮುಚ್ಚಿಹೋಗುವುದು ಸಣ್ಣ ಸದ್ದುಗಳು: ಹೆಜ್ಜೆ, ಉಸಿರು, ಬಟ್ಟೆಯ ಸರಬರ. ದಿಕ್ಕು ತಿಳಿಸುವುದೂ ಅವೇ. ಆಗ ವಾಲ್ಯೂಮ್ ಏರಿಸಬೇಡಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಅದಕ್ಕೂ ಆಗದಷ್ಟು ಮಳೆ ಇದ್ದರೆ ಅವತ್ತು ಆಟ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. ರಸ್ತೆ ದಾಟುವುದಕ್ಕೂ, ಜನರನ್ನು ಗುರುತಿಸುವುದಕ್ಕೂ ಕಿವಿಯನ್ನೇ ನಂಬಿದವರು ಅದನ್ನು ಒಂದು ಆಟಕ್ಕಾಗಿ ಕೆಡಿಸಿಕೊಳ್ಳಬಾರದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಈಗ ಹೆಡ್‌ಸೆಟ್. ಮೊದಲು ಯಾರದ್ದಾದರೂ ಇಸಕೊಂಡು ನೋಡಿ. ನಾನು ಹೇಳುವುದು ಮೆಟಾ ಕಂಪನಿಯ ಕ್ವೆಸ್ಟ್ ಥರದ, ವೈರ್ ಇಲ್ಲದ ಹೆಡ್‌ಸೆಟ್‌ಗಳ ಬಗ್ಗೆ. ಮೊದಲ ಸಲ ಸೆಟ್ ಮಾಡುವಾಗ ಕಣ್ಣು ಕಾಣುವವರೊಬ್ಬರು ಜೊತೆಗಿರಲಿ. ವೈಫೈ, ಅಕೌಂಟ್, ಆಡುವ ಜಾಗದ ಗಡಿ ಎಲ್ಲಕ್ಕೂ ನೋಡಿ ಒತ್ತುವ ಕೆಲಸ ಇದೆ. ಹೆಡ್‌ಸೆಟ್ ಒಳಗೆ ಕಾಣುವುದನ್ನು ಅದೇ ವೈಫೈನಲ್ಲಿರುವ ಫೋನಿಗೆ ಕಾಸ್ಟ್ ಮಾಡಬಹುದು, ಅಂದರೆ ಫೋನಿನ ಪರದೆಯಲ್ಲೂ ಬರುವಂತೆ ಮಾಡಬಹುದು, ಆಗ ನೀವು ಹಾಕಿಕೊಂಡಿರುವಾಗಲೇ ಅವರು ನೋಡಿ ಹೇಳಬಹುದು. ಹೇಳುವ ರೀತಿ ಮುಖ್ಯ. "ಅಣ್ಣ, ಅಲ್ಲಿದೆ ನೋಡು, ಅಲ್ಲೇ" ಅಂದರೆ ಏನೂ ತಿಳಿಯುವುದಿಲ್ಲ. "ಎರಡು ಗಂಟೆ ದಿಕ್ಕು, ಎದೆ ಮಟ್ಟ, ಇನ್ನೊಂದು ಗೇಣು ಮೇಲೆ, ಹಾಂ, ಈಗ ಒತ್ತು" ಅಂದರೆ ಕೈ ತಾನಾಗಿ ಹೋಗುತ್ತದೆ. ಮೆನು ಯಾವ ಕ್ರಮದಲ್ಲಿದೆ ಅಂತ ಅವರ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮುಂದಿನ ಸಲ ಕೇಳಿಕೊಂಡೇ ಮಾಡಬಹುದು.

ಬಹಳ ಜನರಿಗೆ ಹೊಳೆಯದ ವಿಷಯ ಒಂದಿದೆ. ನಿಮಗೆ ಬೆಳಕು ಬೇಕಿಲ್ಲ, ಹೆಡ್‌ಸೆಟ್‌ಗೆ ಬೇಕು. ಅದರ ಹೊರಗಿನ ಕ್ಯಾಮೆರಾಗಳು ಕೋಣೆಯನ್ನು ನೋಡಿಕೊಂಡೇ ನೀವೆಲ್ಲಿದ್ದೀರಿ ಅಂತ ಹೇಳುವುದು. ರಾತ್ರಿ ಲೈಟ್ ಹಾಕದೆ ಆಡಲು ಕೂತರೆ, ಅಥವಾ ನಡುವೆ ಕರೆಂಟ್ ಹೋದರೆ, ಸದ್ದೆಲ್ಲ ದಿಕ್ಕು ತಪ್ಪುತ್ತದೆ, ಕೈ ಎಲ್ಲೋ ತೇಲಿಹೋಗುತ್ತದೆ, ಇಲ್ಲವೇ ಆಟವೇ ನಿಲ್ಲುತ್ತದೆ. ಏನು ಬರೆದಿದೆ ಅಂತ ಓದಲಾಗದವರಿಗೆ ಹೆಡ್‌ಸೆಟ್ ಕೆಟ್ಟಿತೋ ಏನೋ ಅನ್ನಿಸಿಬಿಡುತ್ತದೆ. ಹೀಗಾದರೆ ಮೊದಲು ಕೇಳಬೇಕಾದ ಪ್ರಶ್ನೆ "ಲೈಟ್ ಇದೆಯಾ?" ಅಂತ. ಚಾರ್ಜ್ ಆಗುವ ಎಮರ್ಜೆನ್ಸಿ ಲ್ಯಾಂಪ್ ಒಂದು ಪಕ್ಕದಲ್ಲಿರಲಿ. ಹಾಗಂತ ಹೆಡ್‌ಸೆಟ್ಟನ್ನು ಕಿಟಕಿ ಹತ್ತಿರ ಇಡಬೇಡಿ, ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಆಡುವ ಜಾಗದ ಗಡಿ ಹತ್ತಿರ ಬಂದರೆ ಹೆಡ್‌ಸೆಟ್ ಒಂದು ಗೆರೆ ತೋರಿಸುತ್ತದೆ. ತೋರಿಸುವುದು, ಹೇಳುವುದಲ್ಲ. ಹಾಗಾಗಿ ಗಡಿ ಕಾಲಿಗೆ ತಿಳಿಯಬೇಕು. ಕಾಫಿ ತುಂಬುವ ಗೋಣಿಚೀಲ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಒಂದನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ, ಜಾರದಂತೆ ಅಂಚಿಗೆ ಟೇಪ್ ಹಾಕಿ ಕೋಣೆಯ ನಡುವೆ ಅಂಟಿಸಿ. ಮುಂದಿನ ಅಂಚಿಗೆ ಒಂದು ದಪ್ಪ ಹಗ್ಗ ಹೊಲಿಯಿರಿ. ಹಗ್ಗ ಬೆರಳಿಗೆ ತಾಗಿದರೆ ಮುಖ ಮುಂದಕ್ಕಿದೆ ಅಂತ, ತಣ್ಣನೆ ನೆಲ ತಾಗಿದರೆ ಹೊರಗೆ ಬಂದಿದ್ದೀರಿ ಅಂತ. ಬರಿಗಾಲಲ್ಲೇ ಆಡಿ. ಹಳೇ ಮನೆಗಳ ಕೆಂಪು ನೆಲದ ಮೇಲೆ ಸಾಕ್ಸ್ ಹಾಕಿ ನಿಂತರೆ ಜಾರುವುದು ಗ್ಯಾರಂಟಿ. ಕೈ ಚಾಚಿ ಸುತ್ತ ತಿರುಗಿ ಕಂಬ, ಕುರ್ಚಿ, ತಗ್ಗಿನ ತೊಲೆ ಏನೂ ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಪಟ್ಟಿ ಮಣಿಕಟ್ಟಿಗೆ ಬಿಗಿಯಾಗಿರಲಿ. ಆಟ ಶುರು ಅಂತ ಮನೆಯವರಿಗೆ ಕೂಗಿ ಹೇಳಿ, ನಾಯಿಯನ್ನು ಹೊರಗೆ ಬಿಡಿ. ಕೂತು ಆಡುವುದಾದರೆ ತಿರುಗುವ ಕುರ್ಚಿ ಬೇಡ, ಬೆನ್ನಿರುವ ಗಟ್ಟಿ ಕುರ್ಚಿಯಾದರೆ ಮುಂದೆ ಹಿಂದೆ ಮರೆಯುವುದಿಲ್ಲ.

ಸ್ವಲ್ಪ ದೃಷ್ಟಿ ಇರುವವರು ಹೆಡ್‌ಸೆಟ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರ, ಬಣ್ಣದ ತಿದ್ದುಪಡಿ ನೋಡಿ. ತಲೆ ಸುತ್ತಿದರೆ, ಹೊಟ್ಟೆ ತೊಳೆಸಿದರೆ ತಕ್ಷಣ ನಿಲ್ಲಿಸಿ. ಕೊಡಗಿನ ತೇವಕ್ಕೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಗೇಮ್ ಕೊಳ್ಳುವ ಮುಂಚೆ ಯೂಟ್ಯೂಬಿನಲ್ಲಿ ಯಾರಾದರೂ ಆಡುತ್ತಿರುವ ವಿಡಿಯೋ ಹಾಕಿ, ಬರೀ ಕೇಳಿ. ಎದುರಾಳಿ ಹತ್ತಿರ ಬಂದದ್ದು ಗೊತ್ತಾಯಿತಾ? ಏಟು ಬಿತ್ತೋ ತಪ್ಪಿತೋ ಸದ್ದಿನಲ್ಲೇ ತಿಳಿಯಿತಾ? ಇಲ್ಲದಿದ್ದರೆ ಬಿಟ್ಟುಬಿಡಿ. ಬಾಕ್ಸಿಂಗ್, ಟೇಬಲ್ ಟೆನಿಸ್ ಥರ ಒಂದೇ ಕಡೆ ನಿಂತು ಆಡುವಂಥವು ಮೊದಲಿಗೆ ವಾಸಿ. ಕೊಂಡ ಮೇಲೂ ಕ್ವೆಸ್ಟ್ ಸ್ಟೋರ್‌ನಲ್ಲಿ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲೂ ಹಾಗೇ. ಮೆನುವಿನಲ್ಲಿ ತಡಕಾಡಿದ ಹೊತ್ತೂ ಆ ಎರಡು ಗಂಟೆಗೇ ಸೇರುತ್ತದೆ, ನೆನಪಿರಲಿ.

ಆಗುವುದಿಲ್ಲ ಅನ್ನುವವರಿಗೆ ತೋರಿಸಲು ಉದಾಹರಣೆಗಳಿವೆ. ಮೈಕ್ರೋಸಾಫ್ಟ್ ಸಂಶೋಧಕರು 2018ರಲ್ಲೇ ಕ್ಯಾನೆಟ್ರೋಲರ್ ಅನ್ನುವ ಕೋಲು ಮಾಡಿ ತೋರಿಸಿದರು. ವಿಆರ್ ಒಳಗಿನ ಗೋಡೆಗೆ ತಾಗಿದರೆ ಆ ಕೋಲು ಕೈಯಲ್ಲಿ ನಿಜವಾಗಿಯೂ ತಡೆದು ನಿಲ್ಲುತ್ತದೆ. ಗಿಲಗಿಲ ಅನ್ನುವ ಚೆಂಡನ್ನು ಕೇಳಿಯೇ ಹೊಡೆದು ನಮ್ಮ ಅಂಧರ ಕ್ರಿಕೆಟ್ ತಂಡ 2012ರಲ್ಲಿ ಬೆಂಗಳೂರಿನಲ್ಲೇ ಟಿ20 ವಿಶ್ವಕಪ್ ಗೆದ್ದಿತು. ಕಿವಿಯ ಸಾಮರ್ಥ್ಯದಲ್ಲಿ ಕೊರತೆ ಇಲ್ಲ, ಗೇಮ್ ಮಾಡುವವರು ಸದ್ದು ಹಾಕಬೇಕು ಅಷ್ಟೇ.

ಅದಕ್ಕೇ ಆಡಲು ಆಗದ ಗೇಮ್ ಸಿಕ್ಕಿದರೆ ಸುಮ್ನೆ ಬಿಡಬೇಡಿ, ಮಾಡಿದವರಿಗೆ ಬರೆಯಿರಿ. "ಆಕ್ಸೆಸಿಬಲ್ ಮಾಡಿ" ಅಂತ ಬರೆದರೆ ಸಾಲದು. ಮೂರನ್ನೇ ಕೇಳಿ: ಮೆನು ಓದಿ ಹೇಳಬೇಕು, ಮುಟ್ಟಬಹುದಾದ ಪ್ರತಿ ವಸ್ತುವಿಗೂ ತನ್ನದೇ ಸದ್ದಿರಬೇಕು, ಗುರಿ ಸಿಕ್ಕಾಗ ಕಂಟ್ರೋಲರ್ ನಡುಗಬೇಕು. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಆಗ ಏನು ಕೇಳಿಸುತ್ತಿತ್ತು ಅನ್ನುವುದರ ಒಂದು ಪುಟ್ಟ ರೆಕಾರ್ಡಿಂಗ್ ಜೊತೆಗೆ ಕಳಿಸಿ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲಿ ಬರೆದು ಅನುವಾದ ಮಾಡಿಸಿ ಕಳಿಸಿ. ಸಣ್ಣ ಸ್ಟುಡಿಯೋಗಳಿಗೆ ಮೊದಲು ಬರೆಯಿರಿ, ಅಲ್ಲಿ ಪತ್ರ ಓದುವವರೂ ಗೇಮ್ ಮಾಡುವವರೂ ಒಬ್ಬರೇ ಆಗಿರುವ ಸಾಧ್ಯತೆ ಜಾಸ್ತಿ.