ಟ್ರಾಂಬೋನ್ ಸ್ಲೈಡ್‌ನ ಲೂಬ್ರಿಕೆಂಟ್ ಕರಾವಳಿಯಲ್ಲಿ ಎಷ್ಟು ಕಾಲ ಬಾಳುತ್ತದೆ: ನನ್ನ ಅನುಭವ

ಮಂಗಳೂರಿನಲ್ಲಿ ಬ್ರಾಸ್ ಬ್ಯಾಂಡ್ ನುಡಿಸುವವರ ಕೆಲಸ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ. ನವೆಂಬರ್‌ನಿಂದ ಮದುವೆಗಳೂ ಚರ್ಚುಗಳ ವಾರ್ಷಿಕ ಹಬ್ಬಗಳೂ ಒಂದರ ಹಿಂದೆ ಒಂದು ಬರುತ್ತವೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆಗಳು ನಿಲ್ಲುತ್ತವೆ, ಈಸ್ಟರ್ ಕಳೆದ ಮೇಲೆ ಮೇ ಕೊನೆಯವರೆಗೆ ಮತ್ತೆ ಓಡಾಟ ಶುರುವಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೇರಿಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಹತ್ತಿರವಾಗುವ ತನಕ ವಾದ್ಯ ಹೆಚ್ಚಾಗಿ ಪೆಟ್ಟಿಗೆಯೊಳಗೇ ಇರುತ್ತದೆ. ಟ್ರಾಂಬೋನ್‌ನ ಜಾರುವ ಕೊಳವೆಯಾದ ಸ್ಲೈಡ್‌ಗೆ ಒಂದು ಸಲಕ್ಕೆ ಬೇಕಾಗುವುದು ಲೂಬ್ರಿಕೆಂಟ್‌ನ, ಅಂದರೆ ಸಲೀಸಾಗಿ ಜಾರಲು ಹಚ್ಚುವ ದ್ರವದ, ಕೆಲವೇ ಹನಿಗಳಾದ್ದರಿಂದ ಒಂದು ಸೀಸೆ ಒಂದು ಹಂಗಾಮಿನಲ್ಲಿ ಖಾಲಿಯಾಗುವುದಿಲ್ಲ. ಅದು ಕೆಡುವುದು ಬಳಸುವಾಗಲ್ಲ, ಹೀಗೆ ಸುಮ್ಮನೆ ಬಿದ್ದಿರುವಾಗ ಎಂಬುದನ್ನು ನಾನು ಗಮನಿಸಿದ್ದೇನೆ. ಆದ್ದರಿಂದಲೇ ಅದನ್ನು ಇಡುವ ಕ್ರಮಕ್ಕೆ, ಹಚ್ಚುವ ಕ್ರಮದಷ್ಟೇ ಗಮನ ಕೊಡುತ್ತೇನೆ.

ಟ್ರಾಂಬೋನ್‌ನಲ್ಲಿ ಒಳಕೊಳವೆಗಳ ಮೇಲೆ ಹೊರಕೊಳವೆ ಪೊಸಿಷನ್ ಎನ್ನುವ ಏಳು ಸ್ಥಾನಗಳವರೆಗೆ ಜಾರಬೇಕು. ಒಳಕೊಳವೆಗಳ ತುದಿಯಲ್ಲಿ ಸ್ಟಾಕಿಂಗ್ ಎನ್ನುವ, ತುಸು ದಪ್ಪಗಿರುವ ಭಾಗವೇ ಹೊರಕೊಳವೆಗೆ ತೀರ ಹತ್ತಿರವಿರುವುದು. ಅಲ್ಲಿನ ಸಂದು ಅತಿ ಕಿರಿದಾದದ್ದು. ಆ ಸಂದಿನಲ್ಲಿ ನಿಲ್ಲುವ ತೆಳುಪದರ ಏಕರೂಪವಾಗಿರದಿದ್ದರೆ, ಬೇಗ ಬೇಗ ಪೊಸಿಷನ್ ಬದಲಿಸುವಾಗ ಬಲಗೈಗೆ ಅದು ತಕ್ಷಣ ತಿಳಿಯುತ್ತದೆ.

ಈಗ ಹೆಚ್ಚಿನವರು ಬಳಸುವ ಯಮಾಹಾ ಸ್ಲೈಡ್ ಲೂಬ್ರಿಕೆಂಟ್, ಜರ್ಮನಿಯ ಸ್ಲೈಡ್-ಓ-ಮಿಕ್ಸ್ ಮುಂತಾದ ಬಿಳಿ ದ್ರವಗಳು ಎಮಲ್ಷನ್‌ಗಳು. ಅಂದರೆ ನೀರಿನಲ್ಲಿ ಕರಗದ ಜಾರುವಸ್ತುವನ್ನು ಅತಿ ಸಣ್ಣ ಹನಿಗಳಾಗಿ ಒಡೆದು, ಆ ಹನಿಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುವ ಇನ್ನೊಂದು ವಸ್ತುವಿನ ಸಹಾಯದಿಂದ ನೀರಿನಲ್ಲಿ ಹರಡಿ ಇಟ್ಟಿರುತ್ತಾರೆ. ಇವುಗಳ ಆಯುಷ್ಯವೆಂದರೆ ಈ ಹರಡಿಕೆ ಉಳಿಯುವ ಅವಧಿಯೇ. ಬಹಳ ದಿನ ನಿಂತ ಸೀಸೆಯಲ್ಲಿ ಎರಡು ಪದರ ಕಂಡ ಮಾತ್ರಕ್ಕೆ ಅದು ಕೆಟ್ಟಿದೆ ಎಂದು ಎಸೆಯಬೇಕಾಗಿಲ್ಲ. ಕೆನೆಗಟ್ಟಿದ ಹಾಲಿಗೂ ಒಡೆದ ಹಾಲಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಚೆನ್ನಾಗಿ ಅಲ್ಲಾಡಿಸಿದಾಗ ಮತ್ತೆ ಒಂದೇ ಬಣ್ಣದ ದ್ರವವಾಗಿ, ಸ್ವಲ್ಪ ಹೊತ್ತಾದರೂ ಹಾಗೆಯೇ ನಿಂತರೆ ಧೈರ್ಯವಾಗಿ ಬಳಸುತ್ತೇನೆ. ಅಲ್ಲಾಡಿಸಿದ ಮೇಲೂ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ, ಗಾಜಿನ ಮೇಲೆ ಹಚ್ಚಿದ ಹನಿಯಲ್ಲಿ ತರಿತರಿಯಾದ ಕಣಗಳು ಬೆರಳಿಗೆ ಸಿಕ್ಕರೆ, ಅಥವಾ ಮುಗ್ಗಲು ವಾಸನೆ ಬಂದರೆ, ಆ ಸೀಸೆಯನ್ನು ಉಳಿಸಿಕೊಳ್ಳುವ ಯಾವ ಪ್ರಯತ್ನವನ್ನೂ ಮಾಡುವುದಿಲ್ಲ. ಗಟ್ಟಿಯಾಗಿದೆಯೆಂದು ನೀರು ಬೆರೆಸಿ ತೆಳು ಮಾಡುವವರನ್ನು ನೋಡಿದ್ದೇನೆ. ಅದರಿಂದ ತಯಾರಕರು ಇಟ್ಟ ಪ್ರಮಾಣವೂ ತಪ್ಪುತ್ತದೆ, ಹೊರಗಿನ ನೀರಿನ ಸೂಕ್ಷ್ಮಜೀವಿಗಳೂ ಸೀಸೆಯೊಳಗೆ ಸೇರುತ್ತವೆ.

ಎಮಲ್ಷನ್‌ಗೆ ನಮ್ಮ ಊರಿನಲ್ಲಿರುವ ದೊಡ್ಡ ಶತ್ರು ಸೆಕೆಯೇ. ಬಿಸಿಯಾದಷ್ಟೂ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವುದು ಹೆಚ್ಚುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 34-35 ಡಿಗ್ರಿ ಇದ್ದರೆ, ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ. ಮದುವೆಯ ಹಾಲ್‌ನ ಹೊರಗೆ ವ್ಯಾನಿನಲ್ಲಿ ವಾದ್ಯದ ಪೆಟ್ಟಿಗೆಯನ್ನು ಬಿಟ್ಟು ಊಟಕ್ಕೆ ಹೋಗುವುದು ಬ್ಯಾಂಡಿನವರಲ್ಲಿ ಸಾಮಾನ್ಯ. ನಾನು ವಾದ್ಯವನ್ನು ನೆರಳಿಗೆ ತರಲಾಗದಿದ್ದಾಗಲೂ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಮನೆಯಲ್ಲಿ ಅದರ ಜಾಗ ಮರದ ಕಪಾಟಿನ ಕೆಳತಟ್ಟು. ಹೆಂಚಿನ ಮನೆಯಲ್ಲಿ ಅಟ್ಟಕ್ಕಿಂತ ಅಲ್ಲಿ ಎಷ್ಟೋ ತಂಪು.

ಹಾಗೆಂದು ಫ್ರಿಜ್ಜಿನಲ್ಲಿಡುವುದನ್ನು ನಾನು ಒಪ್ಪುವುದಿಲ್ಲ. ನೀರಿನ ಅಂಶವಿರುವ ಎಮಲ್ಷನ್ ಹೆಪ್ಪುಗಟ್ಟಿದರೆ, ಬೆಳೆಯುವ ಮಂಜಿನ ಹರಳುಗಳು ಹನಿಗಳನ್ನು ಒತ್ತಿ ಒಂದುಗೂಡಿಸುತ್ತವೆ, ಕರಗಿದ ಮೇಲೆ ಅದು ಮೊದಲಿನಂತಾಗುವ ಭರವಸೆಯಿಲ್ಲ. ಫ್ರೀಜರ್‌ಗೆ ತಾಗಿದ ಮೂಲೆಯಲ್ಲಿ ಇಟ್ಟರೆ ಹೀಗಾಗುವ ಸಂಭವವಿದೆ. ಕೆನಡಾದಂತಹ ಚಳಿ ದೇಶಗಳಲ್ಲಿ ನುಡಿಸುವ ನಮ್ಮವರು ರಾತ್ರಿಯಿಡೀ ಕಾರಿನಲ್ಲಿ ಸೀಸೆ ಬಿಡಬಾರದೆಂಬುದಕ್ಕೂ ಇದೇ ಕಾರಣ.

ಮುಚ್ಚಳದ ವಿಷಯವನ್ನು ಬಹಳ ಮಂದಿ ಲಘುವಾಗಿ ಕಾಣುತ್ತಾರೆ. ಸೀಸೆಯ ತುದಿಯನ್ನು ನೇರವಾಗಿ ಸ್ಟಾಕಿಂಗ್‌ಗೆ ಒರೆಸಿದರೆ ಅಲ್ಲಿರುವ ಹಳೆಯ ಕೊಳೆ, ಎಂಜಲಿನ ತೇವ ಎರಡೂ ತುದಿಗಂಟಿ ಒಳಗೆ ಹೋಗುತ್ತವೆ. ನಾನು ತುಸು ಮೇಲಿನಿಂದ ಹನಿ ಬೀಳಿಸಿ, ತುದಿಯನ್ನು ಶುಭ್ರ ಬಟ್ಟೆಯಿಂದ ಒರೆಸಿ, ಬಿಗಿಯಾಗಿ ಮುಚ್ಚಿ, ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ನಾನು ಕೊಂಡ ಸೀಸೆಗಳಲ್ಲಿ ಕೊನೆಯ ದಿನಾಂಕ ಅಚ್ಚಾಗಿರಲಿಲ್ಲವಾದ್ದರಿಂದ, ಕೊಂಡ ತಿಂಗಳು ಮತ್ತು ತೆರೆದ ತಿಂಗಳನ್ನು ಚೀಟಿ ಬರೆದು ಅಂಟಿಸುವುದು ನನ್ನ ಪದ್ಧತಿ. ತೆರೆದ ಎಮಲ್ಷನ್‌ಗೆ ಈ ಹವೆಯಲ್ಲಿ 1 ವರ್ಷ, ತೆರೆಯದ್ದಕ್ಕೆ 2 ವರ್ಷ ಎಂಬ ಮಿತಿಯನ್ನು ನಾನೇ ಹಾಕಿಕೊಂಡಿದ್ದೇನೆ. ತಂಪು ಊರಿನವರು ಇದಕ್ಕಿಂತ ಉದಾರವಾಗಿರಬಹುದು. ದೊಡ್ಡ ಸೀಸೆ ಅಗ್ಗವೆಂದು ತರಿಸುವುದಕ್ಕಿಂತ ಸಣ್ಣದನ್ನು ಆಗಾಗ ತರಿಸುವುದೇ ಮೇಲು.

ಸ್ಲೈಡ್‌ಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಗೂ ಇದೇ ಎಚ್ಚರ ಬೇಕು; ನಿಜ ಹೇಳಬೇಕೆಂದರೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಅದರಲ್ಲಿ ಕೆಡದಂತೆ ಕಾಯುವ ಯಾವ ವಸ್ತುವೂ ಇಲ್ಲ. ನಿಂತ ನೀರಿನಲ್ಲಿ ಲೋಳೆ ಕಟ್ಟಿ ಸ್ಪ್ರೇಯ ತೂತಿಗೂ ಕೊಳವೆಗೂ ಹೋಗುತ್ತದೆ. ಕುದಿಸಿ ಆರಿಸಿದ ನೀರನ್ನೇ ತುಂಬಿ, ಕಾರ್ಯಕ್ರಮ ಮುಗಿದೊಡನೆ ಚೆಲ್ಲಿ, ಮುಚ್ಚಳ ತೆಗೆದು ಒಣಗಿಸುತ್ತೇನೆ.

ಹಳೆಯ ಕಲಾವಿದರು ಸ್ಲೈಡ್‌ಗೆ ಬಳಸುತ್ತಿದ್ದ ಕೋಲ್ಡ್ ಕ್ರೀಮ್ ಮಿನರಲ್ ಆಯಿಲ್ ಮತ್ತು ಜೇನುಮೇಣದ್ದು. ಇಂದು ಅದೇ ಹೆಸರಿನಲ್ಲಿ ಸಿಗುವ ಮುಖದ ಕ್ರೀಮುಗಳೆಲ್ಲ ಅದೇ ಆಗಿರುವುದಿಲ್ಲವಾದ್ದರಿಂದ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ಅದರಲ್ಲಿ ಬಳಕೆಯ ಅವಧಿಯೂ ಅಚ್ಚಾಗಿರುತ್ತದೆ. ಬೆರಳು ಹಾಕಿ ತೆಗೆಯುವ ಡಬ್ಬಿಗಿಂತ ಟ್ಯೂಬ್ ಹೆಚ್ಚು ಕಾಲ ಶುದ್ಧವಾಗಿ ಉಳಿಯುತ್ತದೆ. ನೀರಿಲ್ಲದ ತೆಳು ಎಣ್ಣೆಗಳು ವರ್ಷಗಟ್ಟಲೆ ಬಾಳುತ್ತವೆ, ಆದರೆ ಅವು ಬೆಂಕಿ ಹಿಡಿಯುವಂಥವು. ದೀಪ, ಒಲೆಗಳಿಂದ ದೂರವಿರಲಿ. ಶ್ರುತಿ ಹೊಂದಿಸುವ ಕೊಳವೆಯಾದ ಟ್ಯೂನಿಂಗ್ ಸ್ಲೈಡ್‌ನ ಗ್ರೀಸ್‌ಗೆ ಸೆಕೆಯಲ್ಲಿ ಎಣ್ಣೆ ಬಿಡುವ ದೋಷ ಮಾತ್ರ ಉಂಟು.

ಮಳೆಗಾಲಕ್ಕೆ ಮುನ್ನ ಸ್ಲೈಡ್‌ನಲ್ಲಿ ಹಳೆಯ ಲೂಬ್ರಿಕೆಂಟ್ ಉಳಿಸುವುದಿಲ್ಲ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಕ್ಲೀನಿಂಗ್ ರಾಡ್‌ಗೆ ಮಲ್ ಬಟ್ಟೆ ಸುತ್ತಿ ಹೊರಕೊಳವೆಯ ಒಳಗನ್ನು ಒರೆಸಿ, ಪೂರ್ತಿ ಒಣಗಿಸುತ್ತೇನೆ. ತೇವದಲ್ಲಿ ಅಂಟಿ ಕೂತ ಕೊಳೆಯಿಂದಲೇ ಮುಂದೆ ಹಸಿರು ಕಿಲುಬು ಹಿಡಿಯುತ್ತದೆ. ಒಂದು ಬ್ರಾಂಡ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಇದೇ ಕ್ರಮ, ಏಕೆಂದರೆ ಎರಡು ಬಗೆಯವು ಬೆರೆತರೆ ಅಂಟಾಗಬಹುದು.

ಆಗಸ್ಟ್ ಕೊನೆಯಲ್ಲಿ ಪೆಟ್ಟಿಗೆ ತೆರೆದಾಗ ಸ್ಲೈಡ್ ತಡೆಯುತ್ತಿದ್ದರೆ ತಪ್ಪು ಸೀಸೆಯದೋ ಕೊಳವೆಯದೋ ಎಂದು ತಿಳಿಯಲು ಸುಲಭ ದಾರಿಯಿದೆ. ತೊಳೆದ ಸ್ಲೈಡ್‌ಗೆ ಹೊಸ ಸೀಸೆಯದನ್ನು ಹಚ್ಚಿ ನಿಧಾನವಾಗಿ ಜಾರಿಸಬೇಕು. ಹಳೆಯದರಲ್ಲಿ ಉದ್ದಕ್ಕೂ ಇದ್ದ ಎಳೆತ ಹೊಸದರಲ್ಲಿ ಮಾಯವಾದರೆ ಹಳೆಯ ಸೀಸೆ ಕೆಟ್ಟಿದೆ. ಹೊಸದರಲ್ಲಿಯೂ ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ನೆಗ್ಗಿದೆ ಅಥವಾ ಕೊಳವೆ ಬಾಗಿದೆ, ಅದನ್ನು ರಿಪೇರಿಯವರಿಗೇ ಒಪ್ಪಿಸಬೇಕು.